ತೊಟ್ಟಿಲ ಕೂಸಿಗಾಗಿ ಕಾಲ ಕಾಯುವುದಿಲ್ಲ

ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಂಥ ಊರಿನಲ್ಲಿ ಬಾಣಂತಿಯ ಮನೆಗೆ ಬಂದವರು ಮೊದಲು ಕೇಳುವ ಪ್ರಶ್ನೆ, "ಕೂಸು ಆರಾಮೈತೇನವ್ವಾ?" ಎಂಬುದು. ತಿಂಗಳುಗಳು ಉರುಳುತ್ತವೆ. ಓರಗೆಯ ಮಕ್ಕಳು ಮಗುಚಿಕೊಳ್ಳುತ್ತಿರುವಾಗ ಒಂದು ಕೂಸು ಮಾತ್ರ ಕತ್ತನ್ನೇ ನಿಲ್ಲಿಸಿರುವುದಿಲ್ಲ. ತಾಯಿಯ ಎದೆಯಲ್ಲಿ ಅಳುಕು ಹುಟ್ಟುತ್ತದೆ. ಬಾಯಿಬಿಟ್ಟು ಹೇಳಿದರೆ ಅತ್ತೆಯ ಸಮಾಧಾನ ಸಿದ್ಧವಾಗಿರುತ್ತದೆ: "ಅವರಪ್ಪನೂ ತಡಾ ಮಾಡೇ ಅಡ್ಡಾಡಿದ. ಸುಮ್ಮನಿರು, ತಾನಾಗೇ ಸರಿಹೋಗತೈತಿ."

ಈ ಮಾತು ಪ್ರೀತಿಯದು. ಎಷ್ಟೋ ಸಲ ನಿಜವೂ ಹೌದು. ಆದರೆ ಅದು ಸುಳ್ಳಾದ ಮನೆಯಲ್ಲಿ ಮಗು ಕಳೆದುಕೊಳ್ಳುವುದು ಮರಳಿ ಬಾರದ ಕಾಲವನ್ನು.

ಮೆದುಳು ಅತಿ ವೇಗವಾಗಿ ಬೆಳೆಯುವುದು ಬದುಕಿನ ಮೊದಲ ಎರಡು ಮೂರು ವರ್ಷಗಳಲ್ಲಿ. ಥೈರಾಯ್ಡ್ ಗ್ರಂಥಿಯ ಕೊರತೆಯಿಂದ ಹುಟ್ಟಿದ ಶಿಶುವಿಗೆ ಮೊದಲೆರಡು ವಾರಗಳಲ್ಲಿ ಚಿಕಿತ್ಸೆ ಆರಂಭವಾದರೆ, ದಿನಕ್ಕೊಂದು ಅಗ್ಗದ ಗುಳಿಗೆಯೇ ಅದರ ಬುದ್ಧಿಯನ್ನು ಕಾಪಾಡುತ್ತದೆ. ತಿಂಗಳುಗಟ್ಟಲೆ ತಡವಾದರೆ ಆದ ಹಾನಿಯನ್ನು ಪೂರ್ತಿ ತುಂಬಿಕೊಡುವ ಔಷಧವಿಲ್ಲ. ಕಿವಿಯ ಸಂಗತಿಯೂ ಹಾಗೆಯೇ. ೧ ತಿಂಗಳೊಳಗೆ ಪರೀಕ್ಷೆ, ೩ ತಿಂಗಳೊಳಗೆ ನಿರ್ಣಯ, ೬ ತಿಂಗಳೊಳಗೆ ಉಪಚಾರ ಎಂಬುದು ತಜ್ಞರು ಹಾಕಿಕೊಟ್ಟ ಲೆಕ್ಕ. ಕೇಳದ ಮಗು ಮಾತನ್ನು ಕಲಿಯುವುದಾದರೂ ಹೇಗೆ?

ಮನೆಯವರು ಗಮನಿಸಬೇಕಾದ ಗುರುತುಗಳು ಕಠಿಣವಲ್ಲ. ೩ ತಿಂಗಳಾದರೂ ತಾಯಿಯ ಮುಖ ಕಂಡು ನಗದಿರುವುದು, ೫ ತಿಂಗಳಿಗೂ ಕತ್ತು ನಿಲ್ಲದಿರುವುದು, ೧೦ ತಿಂಗಳಿಗೂ ಆಧಾರವಿಲ್ಲದೆ ಕೂಡದಿರುವುದು, ಒಂದೂವರೆ ವರ್ಷ ತುಂಬಿದರೂ ಹೆಜ್ಜೆಯಿಡದಿರುವುದು: ಇವುಗಳಲ್ಲಿ ಒಂದು ಕಂಡರೂ ವೈದ್ಯರಿಗೆ ತೋರಿಸಬೇಕು. ದಿನ ತುಂಬದೆ ಹುಟ್ಟಿದ, ತೀರ ಕಡಿಮೆ ತೂಕದ, ಹುಟ್ಟಿದೊಡನೆ ಅಳದ ಕೂಸುಗಳ ಮೇಲಂತೂ ಮೊದಲಿನಿಂದಲೇ ಕಣ್ಣಿಟ್ಟಿರಬೇಕು.

ತೋರಿಸುವುದು ಎಲ್ಲಿ? ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ ೧೮ ವರ್ಷದವರೆಗಿನ ಮಕ್ಕಳ ತಪಾಸಣೆಗೆ ಅವಕಾಶವಿದೆ. ಸಂಚಾರಿ ವೈದ್ಯರ ತಂಡ ವರ್ಷಕ್ಕೆರಡು ಬಾರಿ ಅಂಗನವಾಡಿಗೆ ಬರಬೇಕು. ತೊಂದರೆ ಕಂಡ ಮಗುವನ್ನು ಜಿಲ್ಲೆಯ ಶೀಘ್ರ ಚಿಕಿತ್ಸಾ ಕೇಂದ್ರಕ್ಕೆ ಕಳುಹಿಸಬೇಕು. ಆಶಾ ಕಾರ್ಯಕರ್ತೆ ನವಜಾತ ಶಿಶುವಿನ ಮನೆಗೆ ಮೊದಲ ಆರು ವಾರಗಳಲ್ಲಿ ಹಲವು ಬಾರಿ ಬಂದು ನೋಡುವ ಏರ್ಪಾಡೂ ಇದೆ. ಬಾಗಿಲಿಗೆ ಬಂದ ಆಕೆಯೊಡನೆ ಅಳುಕನ್ನು ಹೇಳಿಕೊಳ್ಳುವುದೇ ಮೊದಲ ಮೆಟ್ಟಿಲು.

ಎರಡನೆಯ ಮೆಟ್ಟಿಲೇ ಎತ್ತರದ್ದು. ಈ ಸೀಮೆಯಿಂದ ಬೆಳಗಾವಿಗೆ ಸುಮಾರು ಐವತ್ತು ಅರವತ್ತು ಕಿಲೋಮೀಟರು. ಕೈಕಾಲಿನ ವ್ಯಾಯಾಮ, ಮಾತಿನ ತರಬೇತಿ ಒಂದು ದಿನಕ್ಕೆ ಮುಗಿಯುವಂಥವಲ್ಲ, ತಿಂಗಳುಗಟ್ಟಲೆ ಹೋಗಿಬರಬೇಕು. ಕೂಲಿಯ ಮನೆಯಲ್ಲಿ ಹೋದ ಪ್ರತಿ ದಿನವೂ ಒಂದು ದಿನದ ಗಳಿಕೆ ಇಲ್ಲವಾಗುತ್ತದೆ, ಬಸ್ಸಿನ ಖರ್ಚು ಬೇರೆ. ಕಬ್ಬು ಕಡಿಯಲು ಊರು ಬಿಟ್ಟು ಹೋದ ಕುಟುಂಬದ ಕೂಸು, ತಂಡ ಅಂಗನವಾಡಿಗೆ ಬಂದ ದಿನ ಅಲ್ಲಿರುವುದೇ ಇಲ್ಲ. ಹೀಗೆ ಎರಡು ಮೂರು ಸಲ ಹೋದವರು ನಾಲ್ಕನೆಯ ಸಲ ಹೋಗದೆ ಉಳಿದರೆ ಅವರನ್ನು ಹಳಿಯುವುದು ನ್ಯಾಯವಲ್ಲ.

ದಾರಿಯಿಲ್ಲವೆಂದಲ್ಲ. ಮೈಸೂರಿನಲ್ಲಿ ೧೯೬೫ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ ಕೇಳದ ಮಕ್ಕಳೊಡನೆ ಅವರ ತಾಯಂದಿರಿಗೂ ತರಬೇತಿ ಕೊಡುವ ಪದ್ಧತಿ ಬೆಳೆದುಬಂದಿದೆ. ಅದರ ತಿರುಳನ್ನು ನಮ್ಮ ತಾಲ್ಲೂಕುಗಳೂ ಅನುಸರಿಸಬಹುದು. ತಜ್ಞರು ವಾರಕ್ಕೊಂದು ಗೊತ್ತಾದ ದಿನ ಹುಕ್ಕೇರಿ, ಗೋಕಾಕ, ಮೂಡಲಗಿಗಳಿಗೇ ಬರಲಿ. ತಾಯಿಗೆ ವ್ಯಾಯಾಮವನ್ನು ಕಲಿಸಿ ಕಳುಹಿಸಲಿ. ಅದು ನಡೆಯುತ್ತಿದೆಯೇ ಎಂದು ಆಶಾ ಕಾರ್ಯಕರ್ತೆ ಮನೆಯಲ್ಲೇ ನೋಡಲಿ. ಎಣ್ಣೆ ಹಚ್ಚಿ ಎರೆಯುವಾಗ, ಉಣ್ಣಿಸುವಾಗ, ಜೋಗುಳ ಹಾಡುವಾಗಲೇ ಆಗಬಹುದಾದ ಚಿಕಿತ್ಸೆ ಎಷ್ಟೋ ಇದೆ. ಬೆಳಗಾವಿಗೆ ಹೋಗಲೇಬೇಕಾದ ದಿನ ದಾರಿಯ ಖರ್ಚನ್ನು ಸರ್ಕಾರ ಮುಂಗಡವಾಗಿಯೇ ಕೊಡಲಿ.

ಪಟ್ಟಣದ ವಾಚಕರೂ ಒಂದಿಷ್ಟು ನೆರವಾಗಬಹುದು. ನಿಮ್ಮ ಮನೆಗೆಲಸಕ್ಕೆ ಬರುವಾಕೆ ಕೂಸನ್ನು ಆಸ್ಪತ್ರೆಗೆ ಒಯ್ಯಬೇಕೆಂದು ರಜೆ ಕೇಳಿದರೆ, ಸಂಬಳ ಹಿಡಿಯದೆ ಕಳುಹಿಸಿ. ಎಲ್ಲ ಕೂಸುಗಳೂ ಪೂರ್ಣ ಗುಣ ಹೊಂದುತ್ತವೆಂದು ಯಾರೂ ಮಾತು ಕೊಡಲಾರರು. ಆದರೆ ತಾನಾಗಿ ಕುಳಿತು ಉಣ್ಣಬಲ್ಲ, "ಅವ್ವಾ" ಎಂದು ಕರೆಯಬಲ್ಲ ಮಗುವನ್ನು ಕಂಡ ತಾಯಿಗೆ, ಆ ಗೆಲುವು ಸಣ್ಣದೆಂದು ಹೇಳುವ ಧೈರ್ಯ ಯಾರಿಗಿದೆ?