ತೆರೆಯನ್ನು ಎಲ್ಲಿ ಕಟ್ಟಬೇಕು?

ಕೋಲಾರದ ಬಳಿಯ ತೇರಹಳ್ಳಿ ಬೆಟ್ಟದ ಮೇಲೆ ‘ಆದಿಮ’ ಸಾಂಸ್ಕೃತಿಕ ಕೇಂದ್ರದವರು ಹುಣ್ಣಿಮೆಯ ಬೆಳಕಿನಲ್ಲಿ ಹಾಡು, ನಾಟಕಗಳನ್ನು ಏರ್ಪಡಿಸಿ ಜನರನ್ನು ಕೂಡಿಸಿದುದನ್ನು ಶ್ರೋತೃಗಳಲ್ಲಿ ಹಲವರು ಬಲ್ಲರು. ನಾಟಕಕ್ಕೆ ಹುಣ್ಣಿಮೆ ಹೇಗೋ ಚಲಚ್ಚಿತ್ರಕ್ಕೆ ಅಮಾವಾಸ್ಯೆ ಹಾಗೆ. ಕತ್ತಲು, ಒಂದು ಬಿಳಿಯ ಬಟ್ಟೆ, ಕೈಚೀಲದಲ್ಲಿ ಹಿಡಿಯುವಷ್ಟು ಸಣ್ಣ ಪ್ರೊಜೆಕ್ಟರು, ಧ್ವನಿಗೊಂದು ಪೆಟ್ಟಿಗೆ, ಇಷ್ಟಿದ್ದರೆ ಊರಿನ ಯಾವ ಬಯಲಾದರೂ ಚಿತ್ರಮಂದಿರವಾಗಬಲ್ಲುದು. ಈ ಹೊತ್ತು ನಾನು ಹೇಳಹೊರಟಿರುವುದು ಕಥೆಯ ಚಿತ್ರಗಳನ್ನು ಕುರಿತಲ್ಲ. ಇರುವುದನ್ನು ಇದ್ದಂತೆ ತೋರಿಸುವ ಸಾಕ್ಷ್ಯಚಿತ್ರಗಳನ್ನು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಸೀಮೆಯ ಹಳ್ಳಿಗಳಿಗೆ ಒಯ್ಯುವುದನ್ನು ಕುರಿತು.

ಇದೇನೂ ಹೊಸ ಯತ್ನವಲ್ಲ. 1948ರಲ್ಲಿ ಸ್ಥಾಪಿತವಾದ ಫಿಲ್ಮ್ಸ್ ಡಿವಿಜನ್ ಸಂಸ್ಥೆಯ ಕಿರುಚಿತ್ರಗಳನ್ನು ಮುಖ್ಯಚಿತ್ರಕ್ಕೆ ಮೊದಲು ತೋರಿಸಬೇಕೆಂಬ ಕಟ್ಟಳೆ ಚಿತ್ರಮಂದಿರಗಳಿಗೆ ಬಹುಕಾಲ ಇದ್ದಿತು. ಸರ್ಕಾರದ ಪ್ರಚಾರ ವ್ಯಾನುಗಳು ಹಳ್ಳಿಹಳ್ಳಿಗೆ ಹೋಗಿ ಬೀದಿಯಲ್ಲಿ ತೆರೆ ಕಟ್ಟಿದವು. ಆದರೂ ಅವುಗಳಿಂದ ಎಣಿಸಿದಷ್ಟು ಫಲ ದೊರೆಯಲಿಲ್ಲವೇಕೆ? ಚಿತ್ರ ಮಾತನಾಡಿತು, ಜನ ಕೇಳಿದರು, ವ್ಯಾನು ಹೊರಟುಹೋಯಿತು. ಕೇಳಿದವರ ಮಾತನ್ನು ಕೇಳಿಕೊಳ್ಳುವವರು ಯಾರೂ ಇರಲಿಲ್ಲ. ಇದೇ ಅದರ ಕೊರತೆ.

ಈ ಕೊರತೆಯನ್ನು ನೀಗಿದ ಒಂದು ದೃಷ್ಟಾಂತವನ್ನು ದೂರದೇಶದಿಂದ ಹೇಳುತ್ತೇನೆ. ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ತೀರದಾಚೆಗೆ ಫೋಗೊ ಎಂಬ ದ್ವೀಪವುಂಟು. ಅಲ್ಲಿಯ ಬೆಸ್ತರು ಬಡವರಾಗಿದ್ದರು. ಅವರನ್ನು ದ್ವೀಪದಿಂದ ಎಬ್ಬಿಸಿ ಬೇರೆಡೆಗೆ ಸಾಗಿಸುವ ಆಲೋಚನೆ ನಡೆದಿತ್ತು. 1967ರಲ್ಲಿ ಕಾಲಿನ್ ಲೋ ಎಂಬ ನಿರ್ದೇಶಕರು ಅವರ ಮಾತುಗಳನ್ನೇ 20ಕ್ಕೂ ಹೆಚ್ಚು ಕಿರುಚಿತ್ರಗಳಾಗಿ ತೆಗೆದು, ಆ ದ್ವೀಪದ ಬೇರೆಬೇರೆ ಊರುಗಳಲ್ಲಿಯೇ ತೋರಿಸಿದರು. ಒಂದೂರಿನವರ ಕಷ್ಟವೇ ಮತ್ತೊಂದೂರಿನವರದೂ ಎಂಬುದು ಆಗ ಎಲ್ಲರಿಗೂ ಕಂಡಿತು. ಅಧಿಕಾರಿಗಳೂ ಚಿತ್ರಗಳನ್ನು ನೋಡಿದರು. ಬೆಸ್ತರು ಸಹಕಾರ ಸಂಘವನ್ನು ಕಟ್ಟಿಕೊಂಡರು, ದ್ವೀಪದಲ್ಲಿಯೇ ಉಳಿದರು. ಇದು ಚಿತ್ರವೊಂದರಿಂದಲೇ ಆಯಿತೆನ್ನಲಾರೆ. ಚಿತ್ರದ ತರುವಾಯ ನಡೆದ ಮಾತಿಗೆ ಅದರಲ್ಲಿ ದೊಡ್ಡ ಪಾಲಿತ್ತು.

ನಮ್ಮಲ್ಲಿಯೂ ಇದಕ್ಕೆ ಸಮೀಪದ ಅನುಭವವುಂಟು. 2006ರ ಸುಮಾರಿನಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾಲಯದಲ್ಲಿ ಹುಟ್ಟಿದ ‘ಡಿಜಿಟಲ್ ಗ್ರೀನ್’ ಎಂಬ ಪ್ರಯೋಗದಲ್ಲಿ ಕರ್ನಾಟಕದ ರೈತರ ಬೇಸಾಯವನ್ನು ಚಿತ್ರಿಸಿ, ನೆರೆಯ ರೈತರಿಗೆ ತೋರಿಸಿದರು. ಸ್ಥಳೀಯನೊಬ್ಬನು ಚಿತ್ರವನ್ನು ನಡುನಡುವೆ ನಿಲ್ಲಿಸಿ ಪ್ರಶ್ನೆ ಕೇಳುತ್ತಿದ್ದನು. ತೆರೆಯ ಮೇಲಿನ ರೈತನ ಹೆಸರೇನು, ಅವನು ಯಾವ ಊರಿನವನು ಎಂದು ನೋಡುವವರು ವಿಚಾರಿಸುತ್ತಿದ್ದರು. ತಮ್ಮಂಥವನು ಮಾಡಿದ್ದಾನೆಂದರೆ ತಾವೂ ಮಾಡಬಹುದೆಂಬ ಧೈರ್ಯ ಬರುತ್ತದೆ.

ಹಾಗಾದರೆ ಕೋಲಾರ ಸೀಮೆಯಲ್ಲಿ ಏನನ್ನು ತೋರಿಸಬೇಕು? ಮೊದಲನೆಯದು ನೀರು. ಈ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಹಿಂದೆ ಕೆರೆಗಳೇ ಆಧಾರ. ಕೆರೆಗಳು ಒಣಗಿ, ಕೊಳವೆಬಾವಿಗಳು ಸಾವಿರ ಅಡಿಯನ್ನು ದಾಟಿದುವು. 2018ರ ಜೂನ್ ತಿಂಗಳಲ್ಲಿ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆನೀರನ್ನು ಶುದ್ಧೀಕರಿಸಿ ಲಕ್ಷ್ಮೀಸಾಗರದ ಕೆರೆಗೆ ಹರಿಸಿದರು. ಕೆರೆ ತುಂಬಿತೆಂದು ಕೆಲವರು ಹಿಗ್ಗಿದರು. ಎರಡು ಹಂತಗಳ ಶುದ್ಧೀಕರಣ ಸಾಲದು, ಮೂರನೆಯದೂ ಬೇಕೆಂದು ಕೆಲವರು ವಾದಿಸಿದರು. ವ್ಯಾಜ್ಯವು ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಆದರೆ ಆ ಹಂತಗಳೆಂದರೇನು? ಮೊದಲನೆಯದರಲ್ಲಿ ಗಟ್ಟಿ ಕಶ್ಮಲವು ತಳಕ್ಕೆ ಇಳಿಯುತ್ತದೆ. ಎರಡನೆಯದರಲ್ಲಿ ಸೂಕ್ಷ್ಮಜೀವಿಗಳು ಕರಗಿದ ಹೊಲಸನ್ನು ತಿಂದು ತೀರಿಸುತ್ತವೆ. ಮೂರನೆಯದು ಉಳಿದುದನ್ನು ಇನ್ನೂ ಸೋಸುವುದು. ಇದನ್ನು ಮಾತಿನಲ್ಲಿ ಹೇಳುವುದು ಕಷ್ಟ, ಚಿತ್ರದಲ್ಲಿ ತೋರಿಸುವುದು ಸುಲಭ. ಚಿತ್ರ ಮುಗಿದ ಮೇಲೆ ಊರಿನ ನೀರುಗಂಟಿಯೂ, ಕೊಡ ಹೊರುವ ಹೆಂಗಸರೂ, ಪಂಚಾಯಿತಿಯ ಸದಸ್ಯರೂ ಒಂದೆಡೆ ಕುಳಿತು ‘ನಮ್ಮ ಕೆರೆಯ ನೀರನ್ನು ಯಾರು ಪರೀಕ್ಷಿಸುತ್ತಾರೆ? ಆ ಕಾಗದ ಎಲ್ಲಿದೆ?’ ಎಂದು ಕೇಳಿದರೆ, ಪ್ರದರ್ಶನ ಸಾರ್ಥಕ.

ಎರಡನೆಯದು ಇದಕ್ಕಿಂತ ಕಠಿನವಾದುದು. 2022ರ ಸೆಪ್ಟೆಂಬರಿನಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ದಲಿತ ಬಾಲಕನೊಬ್ಬನು ದೇವರ ಉತ್ಸವದ ಕೋಲನ್ನು ಮುಟ್ಟಿದನೆಂದು ಅವನ ಮನೆಯವರಿಗೆ 60,000 ರೂಪಾಯಿ ದಂಡ ವಿಧಿಸಲಾಯಿತೆಂಬ ದೂರು ದೇಶಕ್ಕೆಲ್ಲ ತಿಳಿಯಿತು. ಇಂಥ ಸೀಮೆಯಲ್ಲಿ ತೆರೆಯನ್ನು ಎಲ್ಲಿ ಕಟ್ಟಬೇಕೆಂಬುದು ಬರಿಯ ಅನುಕೂಲದ ಪ್ರಶ್ನೆಯಲ್ಲ. ಗುಡಿಯ ಮುಂದೆ ಕಟ್ಟಿದರೆ ಕೆಲವರು ದೂರದಲ್ಲಿ ನಿಲ್ಲುವರು. ದೊಡ್ಡವರ ಜಗಲಿಯ ಮುಂದೆ ಕಟ್ಟಿದರೆ ಮಾತನಾಡಲು ಅಂಜುವರು. ದಲಿತರ ಕೇರಿಯಲ್ಲಿ ಮಾತ್ರ ಕಟ್ಟಿದರೆ ಊರಿನವರು ಬಾರದೆ ಹೋಗಬಹುದು. ಯಾರ ಅಪ್ಪಣೆಯನ್ನೂ ಬೇಡದೆ ಎಲ್ಲರೂ ಬಂದು ಕೂಡಬಹುದಾದ ಸ್ಥಳವನ್ನು, ಶಾಲೆಯ ಬಯಲನ್ನೋ ಹಾಲಿನ ಡೈರಿಯ ಮುಂಭಾಗವನ್ನೋ, ಮೊದಲೇ ಎಲ್ಲರನ್ನೂ ಕೇಳಿ ಗೊತ್ತುಮಾಡಬೇಕು. ಸಂಜೆಯ ಹಾಲನ್ನು ಹಾಕಿ ಜನ ಬಿಡುವಾದ ಹೊತ್ತು ಅನುಕೂಲವಾದುದು. ಚಿತ್ರವು ಅರ್ಧಗಂಟೆಯನ್ನು ಮೀರಬಾರದು. ಮಾತಿಗೆ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಮುಳಬಾಗಿಲು, ಶ್ರೀನಿವಾಸಪುರಗಳ ಕಡೆ ಮನೆಮಾತು ತೆಲುಗಾದವರು ಬಹಳ. ಅವರಿಗೆ ಗ್ರಂಥಸ್ಥ ಕನ್ನಡದ ವಿವರಣೆ ಸಾಲದು. ಊರಿನವರೊಬ್ಬರು ಅದರ ಸಾರವನ್ನು ಆಡುಮಾತಿನಲ್ಲಿ ಹೇಳಬೇಕು.

ಇಲ್ಲಿ ಒಂದು ಎಚ್ಚರಿಕೆ. ನಮ್ಮಂಥ ಓದುಬಲ್ಲವರು ಉತ್ಸಾಹದಿಂದ ಬಂದು, ಕೆಚ್ಚಿನ ಚಿತ್ರವೊಂದನ್ನು ತೋರಿಸಿ, ‘ಮಾತನಾಡಿ, ಅಂಜಬೇಡಿ’ ಎನ್ನುತ್ತೇವೆ. ಎದ್ದುನಿಂತು ಮಾತನಾಡಿದವಳು ಕೂಲಿಯ ಹೆಂಗಸು. ನಾವು ರಾತ್ರಿಯೇ ಕೋಲಾರದ ಬಸ್ಸು ಹತ್ತುತ್ತೇವೆ. ಅವಳು ಬೆಳಗಾದರೆ ಅದೇ ಹೊಲದ ಒಡೆಯನ ಬಾಗಿಲಿಗೆ ಹೋಗಬೇಕು. ಅವಳ ಮಾತಿಗೆ ಬೆಲೆ ತೆರುವವಳು ಅವಳು, ನಾವಲ್ಲ. ಆದಕಾರಣ ಯಾರನ್ನೂ ಬಲವಂತವಾಗಿ ಮಾತಿಗೆಳೆಯಬಾರದು. ಒಬ್ಬರ ಬಾಯಿಂದ ಬರುವುದಕ್ಕಿಂತ ಸ್ತ್ರೀಶಕ್ತಿ ಸಂಘದ ಹತ್ತು ಜನರ ಬಾಯಿಂದ ಬಂದ ಮಾತು ಕ್ಷೇಮ. ತೋರಿಸಿದವರು ಮರುದಿನ ಬೆಳಗ್ಗೆ ಊರಿನಲ್ಲಿರಬೇಕು, ಹದಿನೈದು ದಿನದೊಳಗೆ ಮತ್ತೆ ಬರಬೇಕು. ಹಾಗೆ ಬರಲಾಗದಿದ್ದರೆ ಅಂಥ ಚಿತ್ರವನ್ನು ತೋರಿಸದಿರುವುದೇ ಲೇಸು.

ಚಿತ್ರವು ಕನ್ನಡಿಯಂತೆ ಎಂದು ಹೇಳುವುದುಂಟು. ಕನ್ನಡಿಯು ಮುಖದ ಮಸಿಯನ್ನು ತೋರಿಸೀತು, ತೊಳೆಯಲಾರದು; ತೊಳೆಯಬೇಕಾದವರು ಊರಿನವರೇ. ಎರಡನೆಯ ಸಲ ನಾವು ಹೋದಾಗ ಎಲ್ಲಿ ತೆರೆ ಕಟ್ಟಬೇಕೆಂದು ನಾವು ಕೇಳುವ ಮೊದಲೇ ಆ ಜನರು ಸ್ಥಳವನ್ನು ಗುಡಿಸಿಟ್ಟಿದ್ದರೆ, ಅಲ್ಲಿ ಎಲ್ಲ ಕೇರಿಗಳವರಿಗೂ ಒಂದೇ ಚಾಪೆಯನ್ನು ಹಾಸಿದ್ದರೆ, ಚಿತ್ರ ಮೊದಲಾಗುವುದಕ್ಕೆ ಮುಂಚೆಯೇ ಅರ್ಧ ಕೆಲಸ ಆಯಿತೆಂದು ತಿಳಿಯಬಹುದು.