ಪಿಕಪ್ ವಾಹನದ ರೇಡಿಯೇಟರ್ ಹೋಸ್: ಸಕಾಲದಲ್ಲಿ ಬದಲಿಸಿ, ಎಂಜಿನ್ ಉಳಿಸಿ

ಶಿವಮೊಗ್ಗ, ಭದ್ರಾವತಿ ಸುತ್ತಿನ ಹಳ್ಳಿಗಳಲ್ಲಿ ಹಿಂದೆ ಎತ್ತಿನ ಗಾಡಿ ಮಾಡುತ್ತಿದ್ದ ಕೆಲಸವನ್ನು ಈಗ ಡೀಸೆಲ್ ಪಿಕಪ್ ಮಾಡುತ್ತಿದೆ. ಭದ್ರಾ ನಾಲೆಯ ಬಯಲಿನ ಭತ್ತ, ತೋಟದ ಅಡಿಕೆ ಗೊನೆ, ಶಿವಮೊಗ್ಗ ಮಾರುಕಟ್ಟೆಗೆ ಹೋಗುವ ರಾಶಿ, ಬೆಟ್ಟೆ ಚೀಲಗಳು ಎಲ್ಲವೂ ಇದರಲ್ಲಿಯೇ ಸಾಗುತ್ತವೆ. ಎಣ್ಣೆ, ಟಯರು, ಬ್ರೇಕುಗಳನ್ನು ತಪ್ಪದೆ ನೋಡಿಕೊಳ್ಳುವ ರೈತರು ರೇಡಿಯೇಟರಿನ ರಬ್ಬರ್ ಹೋಸ್‌ಗಳನ್ನು ಮಾತ್ರ ಅವು ಒಡೆದ ದಿನವೇ ನೆನೆಯುವುದುಂಟು.

ಹೋಸ್‌ನ ಕೆಲಸ

ಮೇಲಿನ ಹೋಸ್ ಎಂಜಿನ್‌ನ ಬಿಸಿನೀರನ್ನು ರೇಡಿಯೇಟರಿಗೆ ಒಯ್ಯುತ್ತದೆ. ಕೆಳಗಿನದು ತಣಿದ ನೀರನ್ನು ಪಂಪಿಗೆ ಮರಳಿಸುತ್ತದೆ. ರೇಡಿಯೇಟರಿನ ಮುಚ್ಚಳ ಒಳಗಿನ ಒತ್ತಡವನ್ನು ಹಿಡಿದಿಡುವುದರಿಂದ, 100 ಡಿಗ್ರಿಗೆ ಕುದಿಯಬೇಕಾದ ನೀರು ಸುಮಾರು 120 ಡಿಗ್ರಿಯವರೆಗೂ ಕುದಿಯುವುದಿಲ್ಲ. ಈ ಒತ್ತಡವನ್ನು ಹೋಸ್ ತಡೆದುಕೊಳ್ಳಬೇಕು. ಅದು ಸೀಳಿದರೆ ಕೆಲವೇ ನಿಮಿಷಗಳಲ್ಲಿ ನೀರು ಖಾಲಿಯಾಗಿ, ಹೆಡ್ ಸೊಟ್ಟಗಾಗಬಹುದು, ಗ್ಯಾಸ್ಕೆಟ್ ಸುಡಬಹುದು. ನೀರು ಪೂರ್ತಿ ಹೋದರೆ ಬಿಸಿಯ ಮುಳ್ಳು ಸರಿಯಾಗಿ ತೋರಿಸದೆಯೂ ಇರಬಹುದು.

ಸವೆದದ್ದನ್ನು ಗುರುತಿಸುವುದು

ಎಂಜಿನ್ ತಣ್ಣಗಿರುವಾಗ ಹೋಸನ್ನು ಬೆರಳುಗಳಿಂದ ಹಿಚುಕಿ ನೋಡಬೇಕು. ಒಳ್ಳೆಯದಾದರೆ ಗಟ್ಟಿಯಾಗಿದ್ದು, ಬಿಟ್ಟೊಡನೆ ಮೊದಲಿನ ಆಕಾರಕ್ಕೆ ಬರುತ್ತದೆ. ಕಟ್ಟಿಗೆಯಂತೆ ಬಿರುಸಾಗಿದ್ದರೆ, ಕೊಳೆತ ಹಣ್ಣಿನಂತೆ ಮೆತ್ತಗಿದ್ದರೆ, ಕ್ಲಿಪ್ ಬಳಿ ಉಬ್ಬಿದ್ದರೆ ಅಥವಾ ಒಣಗಿದ ನೀರಿನ ಕಲೆಯಿದ್ದರೆ ಬದಲಿಸುವುದು ಲೇಸು. ಹೊರಗೆ ಚೆನ್ನಾಗಿ ಕಂಡ ಹೋಸ್ ತುದಿಗಳಲ್ಲಿ ಒಳಗಿನಿಂದಲೇ ಬಿರುಕು ಬಿಟ್ಟಿರಬಹುದು. ಎಣ್ಣೆ, ಡೀಸೆಲ್ ತೊಟ್ಟಿಕ್ಕಿದರೆ ರಬ್ಬರ್ ಬೇಗ ಹಾಳಾಗುತ್ತದೆ. ಆದ್ದರಿಂದ ನಾಲ್ಕೈದು ವರ್ಷಕ್ಕೊಮ್ಮೆ ಎರಡೂ ಹೋಸ್‌ಗಳನ್ನು ಕ್ಲಿಪ್ ಸಮೇತ ಬದಲಿಸಬೇಕು.

ಬದಲಿಸುವ ಕ್ರಮ

1. ವಾಹನವನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಪೂರ್ತಿ ತಣಿದ ಮೇಲೆಯೇ ಮುಚ್ಚಳ ತೆಗೆಯಬೇಕು.

2. ಕೆಳಗೆ ಅಗಲವಾದ ಪಾತ್ರೆಯಿಟ್ಟು ಕೂಲೆಂಟ್ ಇಳಿಸಬೇಕು. ಇದು ಸಿಹಿಯಾದ ವಿಷ. ನಾಯಿ, ದನಕರು ನೆಕ್ಕಿದರೆ ಸಾಯಬಹುದು. ನೆಲಕ್ಕೆ, ಚರಂಡಿಗೆ ಚೆಲ್ಲದೆ ಮುಚ್ಚಿಟ್ಟು ಗ್ಯಾರೇಜಿಗೆ ಕೊಡಬೇಕು. ಹೋಸ್ ಬದಲಿಸಲು ಬಳಸಿದ ಪಾತ್ರೆಯನ್ನು ಮತ್ತೆ ಅಡುಗೆಗೆ, ಕೊಟ್ಟಿಗೆಗೆ ಬಳಸಕೂಡದು.

3. ಕ್ಲಿಪ್ ಸಡಿಲಿಸಿ ಹೋಸನ್ನು ತಿರುವಿ ಎಳೆಯಬೇಕು. ಅಂಟಿಕೊಂಡಿದ್ದರೆ ಬ್ಲೇಡಿನಿಂದ ಉದ್ದಕ್ಕೆ ಸೀಳಬೇಕು. ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ರೇಡಿಯೇಟರಿನ ಕೊಳವೆ ಮುರಿದೀತು.

4. ಹಳೆಯ ಹೋಸನ್ನೇ ಮಾದರಿಯಾಗಿ ಅಂಗಡಿಗೆ ಒಯ್ಯಬೇಕು. ಬಾಗು ಮತ್ತು ವ್ಯಾಸ ಒಂದೊಂದು ವಾಹನಕ್ಕೆ ಒಂದೊಂದು ರೀತಿ. ಕೆಳಗಿನ ಹೋಸ್‌ನಲ್ಲಿ ಸುರುಳಿ ತಂತಿಯಿದ್ದರೆ ಹೊಸದರಲ್ಲಿಯೂ ಇರಲೇಬೇಕು. ಇಲ್ಲದಿದ್ದರೆ ಪಂಪಿನ ಸೆಳೆತಕ್ಕೆ ಅದು ಚಪ್ಪಟೆಯಾಗುತ್ತದೆ.

5. ಕೊಳವೆಯ ಬಾಯಿಯನ್ನು ಉಜ್ಜಿ ಶುಚಿಮಾಡಿ, ಗ್ರೀಸಿನ ಬದಲು ಸ್ವಲ್ಪ ಕೂಲೆಂಟ್ ಸವರಿ ಹೋಸ್ ಏರಿಸಬೇಕು. ಕ್ಲಿಪ್ ಕೊಳವೆಯ ಉಬ್ಬಿನ ಹಿಂದೆ ಕೂರಬೇಕು. ರಬ್ಬರ್ ಕತ್ತರಿಸುವಷ್ಟು ಬಿಗಿಯಬಾರದು.

6. ಕೂಲೆಂಟ್ ಮತ್ತು ಶುದ್ಧ ಬಟ್ಟಿ ಇಳಿಸಿದ ನೀರನ್ನು ಸಮಪಾಲು ಬೆರೆಸಿ ನಿಧಾನವಾಗಿ ತುಂಬಬೇಕು. ಸಿದ್ಧ ಮಿಶ್ರಣವಾದರೆ ನೀರು ಬೆರೆಸಬಾರದು. ಬೋರ್‌ವೆಲ್ ನೀರಿನ ಗಡಸುತನದಿಂದ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಸುಣ್ಣ ಕಟ್ಟುತ್ತದೆ.

7. ಎಂಜಿನ್ ನಡೆಸಿ ಒಳಗಿನ ಗಾಳಿ ಹೊರಬರಲು ಬಿಟ್ಟು, ತಣಿದ ಮೇಲೆ ಮಟ್ಟ ನೋಡಿ ತುಂಬಬೇಕು. ಒಂದೆರಡು ಓಡಾಟದ ನಂತರ ಕ್ಲಿಪ್‌ಗಳನ್ನು ಮತ್ತೊಮ್ಮೆ ಪರೀಕ್ಷಿಸಬೇಕು.

ದಾರಿಯಲ್ಲಿ ಕುದಿದರೆ

ಆಗುಂಬೆಯಂತಹ ಘಾಟಿ ಏರುವಾಗ ಬಿಸಿಯ ಮುಳ್ಳು ಮೇಲೇರಿದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಎಂಜಿನ್ ಆರಿಸಬೇಕು. ಮುಚ್ಚಳಕ್ಕೆ ಕೈ ಹಚ್ಚಿದರೆ ಆವಿ ಚಿಮ್ಮಿ ಮುಖ, ಕೈ ಬೇಯುತ್ತವೆ. ತಣ್ಣೀರು ಸುರಿದರೆ ಕಾದ ಹೆಡ್ ಬಿರಿಯಬಹುದು. ಬದಲಿಸಿದ ಮೇಲೂ ನೀರು ಕಡಿಮೆಯಾಗುತ್ತಿದ್ದು, ಎಂಜಿನ್ ಎಣ್ಣೆ ಹಾಲು ಬೆರೆತ ಚಹದ ಬಣ್ಣಕ್ಕೆ ತಿರುಗಿದ್ದರೆ ಗ್ಯಾಸ್ಕೆಟ್ ಹೋಗಿದೆಯೆಂದು ಶಂಕಿಸಿ ಮೆಕ್ಯಾನಿಕ್‌ಗೆ ತೋರಿಸಬೇಕು.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಫಲವಿಲ್ಲ. ಅಡಿಕೆ ಕೊಯ್ಲು ಆರಂಭವಾಗುವ ಮುನ್ನ ಅರ್ಧ ದಿನವನ್ನು ಇದಕ್ಕೆಂದೇ ಮೀಸಲಿಟ್ಟರೆ, ಬೆಳೆ ಮಾರುಕಟ್ಟೆ ತಲುಪುವ ದಿನ ಪಿಕಪ್ ರಸ್ತೆಯ ಬದಿಯಲ್ಲಿ ಕೆಟ್ಟು ನಿಲ್ಲುವ ಸಂದರ್ಭ ತಪ್ಪುತ್ತದೆ.