ದೇವಿಯಿಂದ ಲಸಿಕೆಯವರೆಗೆ: ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ನೈತಿಕ ಮೌಲ್ಯಗಳು

ಲಸಿಕೆಯನ್ನು ಒಪ್ಪುವುದು ಅಥವಾ ನಿರಾಕರಿಸುವುದು ಕೇವಲ ತಿಳಿವಳಿಕೆಗೆ ಸಂಬಂಧಿಸಿದ ಪ್ರಶ್ನೆಯೆಂದು ಭಾವಿಸುವುದು ರೂಢಿಯಾಗಿದೆ. ಆದರೆ ಯಾವುದು ಶುದ್ಧ, ಯಾವುದು ಪಾಪ, ಯಾರ ಮಾತಿಗೆ ಮನ್ನಣೆ, ಮಗುವಿನ ಹೊಣೆ ಯಾರದು ಎಂಬ ನೈತಿಕ ನಿಲುವುಗಳೂ ಈ ತೀರ್ಮಾನವನ್ನು ರೂಪಿಸುತ್ತವೆ. ಘಟಪ್ರಭಾ ನದಿಯ ಆಸುಪಾಸಿನ ಗೋಕಾಕ, ಹುಕ್ಕೇರಿ ಹಾಗೂ 2018ರಲ್ಲಿ ಗೋಕಾಕದಿಂದ ಬೇರ್ಪಟ್ಟು ತಾಲ್ಲೂಕಾದ ಮೂಡಲಗಿ ಪರಿಸರವನ್ನು ಎದುರಿಗಿಟ್ಟುಕೊಂಡು ಈ ಸಂಗತಿಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಸೀಮೆಯ ಆಡುಮಾತೇ ಮೊದಲ ಆಧಾರ. ಉತ್ತರ ಕರ್ನಾಟಕದಲ್ಲಿ ಸಿಡುಬಿಗೆ 'ದೇವಿ' ಎಂದೇ ಹೆಸರು. ನೆರೆಯ ಮರಾಠಿಯಲ್ಲೂ ಅದೇ ಪದವಿದೆ. ಗೋಕಾಕದಲ್ಲಿ ಐದು ವರ್ಷಗಳಿಗೊಮ್ಮೆ ಗ್ರಾಮದೇವತೆ ಮಹಾಲಕ್ಷ್ಮಿಯ ಜಾತ್ರೆ ನಡೆಯುವುದು ಪರಂಪರೆ. ಇಂತಹ ನಾಡಿನಲ್ಲಿ ರೋಗವೆಂಬುದು ದೇವಿಯ ಆಗಮನವಾದಾಗ ಮಡಿ, ಬೇವಿನ ಸೊಪ್ಪು, ಹರಕೆಗಳೇ ಕರ್ತವ್ಯವೆನಿಸುತ್ತವೆ; ತಡೆಯುವ ಯತ್ನವು ದೇವಿಗೆ ಮಾಡಿದ ಅಪಚಾರವಾಗಿ ಕಾಣಬಹುದು. ಆದರೆ ಇದೇ ಜನಭಾಷೆ ಸಿಡುಬಿನ ಲಸಿಕೆಯನ್ನು 'ದೇವಿ ಹಾಕಿಸುವುದು' ಎಂದು ಕರೆಯಿತು. ತೋಳಿನ ಮೇಲಿನ ಗಾಯದ ಕಲೆ ದೇವಿಯದೇ ಗುರುತಾಯಿತು. ಅಡ್ಡಿಯಾಗಬಹುದಾಗಿದ್ದ ಮೌಲ್ಯವೇ ಹೊಸದನ್ನು ಬರಮಾಡಿಕೊಳ್ಳುವ ಬಾಗಿಲೂ ಆದುದು ಗಮನಾರ್ಹ.

ಬ್ರಿಟಿಷರ ಆಳ್ವಿಕೆಯಲ್ಲಿ ಈ ಪ್ರದೇಶವು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಮುಂಬಯಿಯಲ್ಲಿ 1802ರ ಜೂನ್ 14ರಂದು ಮೊದಲ ಲಸಿಕೆ ಹಾಕಲಾಯಿತು. ಒಂದು ಮಗುವಿನ ತೋಳಿನ ದ್ರವವನ್ನು ಇನ್ನೊಂದು ಮಗುವಿಗೆ ಹಾಕುವ ಆಗಿನ ವಿಧಾನವು ಜಾತಿಯ ಶುದ್ಧಿಕಲ್ಪನೆಗೆ ನೇರವಾಗಿ ತಾಗುವಂತಹದು. ಮುಂದೆ ಕರುವಿನ ಚರ್ಮದ ಮೇಲೆ ಬೆಳೆಸಿದ ಲಸಿಕೆ ಬಳಕೆಗೆ ಬಂದಾಗ ಈ ತೊಡಕು ಸಡಿಲಿತು; ಆದರೆ ಪ್ರಾಣಿಜನ್ಯವೆಂಬ ಹೊಸ ಆಕ್ಷೇಪ ಹುಟ್ಟಿತು. ಸಿಡುಬಿನ ಲಸಿಕೆ ತಯಾರಾಗುತ್ತಿದ್ದ ಬೆಳಗಾವಿಯ ಸಂಸ್ಥೆಯ ನೆನಪು ತಿಳಕವಾಡಿಯ 'ವ್ಯಾಕ್ಸಿನ್ ಡಿಪೋ' ಎಂಬ ಹೆಸರಿನಲ್ಲಿ ಉಳಿದಿದೆ. ಇದೇ ಬೆಳಗಾವಿಯಲ್ಲಿ 1924ರ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದ ಗಾಂಧೀಜಿಯವರು, 1913ರ ತಮ್ಮ ಆರೋಗ್ಯ ಲೇಖನಮಾಲೆಯಲ್ಲಿ ಸಿಡುಬಿನ ಲಸಿಕೆಯನ್ನು ಧರ್ಮದ ದೃಷ್ಟಿಯಿಂದಲೂ ವಿರೋಧಿಸಿದ್ದರು. ಹಿಂಜರಿಕೆಯು ಅನಕ್ಷರಸ್ಥರಿಗೆ ಮಾತ್ರ ಸೀಮಿತವಲ್ಲ ಎಂಬುದಕ್ಕೆ ಬೇರೆ ನಿದರ್ಶನ ಬೇಕಾಗಿಲ್ಲ.

ಅಮೆರಿಕದ ತಂದೆತಾಯಿಗಳನ್ನು ಕುರಿತು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಶುದ್ಧತೆ ಮತ್ತು ಸ್ವಾತಂತ್ರ್ಯ ಎಂಬ ಮೌಲ್ಯಗಳಿಗೆ ಹೆಚ್ಚು ಬೆಲೆ ಕೊಡುವವರಲ್ಲಿ ಲಸಿಕೆಯ ಬಗೆಗಿನ ಹಿಂಜರಿಕೆ ಹೆಚ್ಚೆಂದು ತೋರಿಸಿತು. ಮಡಿಯ ಪ್ರಶ್ನೆ ನಮ್ಮ ಹಳ್ಳಿಗಳದು ಮಾತ್ರವಲ್ಲವೆಂಬುದು ಇದರಿಂದ ಸ್ಪಷ್ಟ. ಕಾಳಜಿ ಎಂಬ ಮೌಲ್ಯವಾದರೋ ಎರಡೂ ದಿಕ್ಕಿಗೆ ಎಳೆಯಬಲ್ಲದು. ಬೆಳಗಾವಿ ಜಿಲ್ಲೆಯದೇ ಆದ ರಾಮದುರ್ಗ ತಾಲ್ಲೂಕಿನಲ್ಲಿ 2022ರ ಜನವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆ ಪಡೆದ ಮೂರು ಕೂಸುಗಳು ಮೃತಪಟ್ಟವು. ಪ್ರಾಥಮಿಕ ವಿಚಾರಣೆಯು ಲಸಿಕೆಯನ್ನು ಇರಿಸಿ ಬಳಸಿದ ರೀತಿಯಲ್ಲಿನ ನಿರ್ಲಕ್ಷ್ಯದತ್ತ ಬೆರಳು ಮಾಡಿತು. ಇಂತಹ ಸುದ್ದಿ ಕೇಳಿದ ತಾಯಿಯೊಬ್ಬಳು ಮಗುವನ್ನು ಹಿಂದಕ್ಕೆ ಎಳೆದುಕೊಂಡರೆ ಅದನ್ನು ಮೌಢ್ಯವೆನ್ನಲಾಗದು. ಲಸಿಕೆ ಹಾಕಿಸುವ ತಾಯಿಯ ಮಮತೆಯೇ ಅಲ್ಲಿಯೂ ಇದೆ. ಹಾಗೆಂದು ಆ ತೀರ್ಮಾನ ಮಗುವಿಗೆ ಹಿತವಲ್ಲ; ದಡಾರದ ಅಪಾಯ ಹಾಗೆಯೇ ಉಳಿಯುತ್ತದೆ. ಮುರಿದ ನಂಬಿಕೆಯನ್ನು ಕಟ್ಟುವ ಹೊಣೆ ಮೊದಲು ವ್ಯವಸ್ಥೆಯದು.

ಜಗತ್ತು ಸಿಡುಬಿನಿಂದ ಮುಕ್ತವೆಂದು 1980ರಲ್ಲಿ ಘೋಷಿತವಾಯಿತು. ಭಾರತವು 2014ರಲ್ಲಿ ಪೋಲಿಯೋಮುಕ್ತವೆಂದು ದೃಢಪಟ್ಟಿತು. ಈ ಸಾಧನೆಗಳಿಗೆ ವೈದ್ಯವಿಜ್ಞಾನದಷ್ಟೇ ಜನರ ಸಮ್ಮತಿಯೂ ಕಾರಣ. ಊರಿನ ಆಶಾ ಕಾರ್ಯಕರ್ತೆ ಮನೆಬಾಗಿಲಲ್ಲಿ ನಿಂತಾಗ ಆಕೆ ಇಲಾಖೆಯ ಪ್ರತಿನಿಧಿಯಷ್ಟೇ ಅಲ್ಲ, ಊರಿನ ಮಗಳೂ ಹೌದು. ಅಂಕಿಅಂಶಗಳ ಜೊತೆಗೆ ಆ ಮನೆಯವರು ಪವಿತ್ರವೆಂದು ನಂಬಿದುದನ್ನೂ ಅರಿತು ಆಡಿದ ಮಾತು ಮನಸ್ಸಿಗೆ ಹತ್ತುತ್ತದೆ. 'ದೇವಿ ಹಾಕಿಸುವುದು' ಎಂಬ ಒಂದು ನುಡಿಗಟ್ಟಿನಲ್ಲಿ ಈ ನಾಡಿನ ಹಿರಿಯರು ಆ ವಿವೇಕವನ್ನು ಆಗಲೇ ಕಂಡುಕೊಂಡಿದ್ದರೆಂಬುದು ಇಲ್ಲಿ ಸ್ಮರಣೀಯ.